ತಲೆಬರಹಕ್ಕೊಂದು ವಿಳಾಸ

"ಶಾಸ್ತ್ರದಲ್ಲಿ ಹೇಳಿದೆ" ಎಂಬ ಮಾತನ್ನು ಕೇಳಿಯೇ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಯಾವ ಶಾಸ್ತ್ರದಲ್ಲಿ, ಎಷ್ಟನೆಯ ಅಧ್ಯಾಯದಲ್ಲಿ, ಯಾವ ಶ್ಲೋಕದಲ್ಲಿ ಎಂದು ಮರುಪ್ರಶ್ನೆ ಹಾಕಿದ ಹುಡುಗನಿಗೆ ಅಧಿಕಪ್ರಸಂಗಿ ಎಂಬ ಬಿರುದು ಕಾದಿರುತ್ತಿತ್ತು. ಸ್ಥಳ ತಿಳಿದವರು ಸಂತೋಷದಿಂದ ತೋರಿಸುತ್ತಿದ್ದರು, ತಿಳಿಯದವರು ಸಿಟ್ಟಾಗುತ್ತಿದ್ದರು. ಪಂಡಿತನನ್ನೂ ಪಂಡಿತನಂತೆ ಕಾಣಿಸಿಕೊಳ್ಳುವವನನ್ನೂ ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಒರೆಗಲ್ಲು ನನಗೆ ತಿಳಿದಿಲ್ಲ. "ಎಲ್ಲಿದೆ?" ಎಂಬ ಒಂದು ಪ್ರಶ್ನೆ ಸಾಕು.

ಈ ಪ್ರಶ್ನೆ ಈಗ ಹೊಸದೊಂದು ಬಾಗಿಲಲ್ಲಿ ನಿಂತಿದೆ. ಕಂಪ್ಯೂಟರಿನ ತಂತ್ರಾಂಶಗಳಿಗೆ ಕೈಪಿಡಿಗಳಿರುತ್ತವೆ. ಇದನ್ನು ಹೇಗೆ ನಡೆಸಬೇಕು, ಕೆಟ್ಟರೆ ಏನು ಮಾಡಬೇಕು ಎಂದು ಹೇಳುವ ಬರಹಗಳು. ಹಿಂದೆ ಅವು ದಪ್ಪ ಪುಸ್ತಕಗಳಾಗಿ ಪೆಟ್ಟಿಗೆಯ ಜೊತೆಯಲ್ಲಿ ಬರುತ್ತಿದ್ದವು. ಈಗ ಹೆಚ್ಚಿನವು ಅಂತರಜಾಲದಲ್ಲಿವೆ. ಪುಸ್ತಕದಲ್ಲಿ ಪುಟಸಂಖ್ಯೆ ಎಂಬುದೊಂದಿತ್ತು; ತೆರೆಯ ಮೇಲಿನ ಪುಟಕ್ಕೆ ಅಂತಹ ಮಿತಿಯಿಲ್ಲ. ಒಂದೇ "ಪುಟ" ನಲವತ್ತು ತೆರೆಗಳಷ್ಟು ಉದ್ದವಾಗಿ ಇಳಿಯಬಹುದು. ಅದರೊಳಗೆ ಮೂವತ್ತು ತಲೆಬರಹಗಳಿರಬಹುದು. ಓದುಗನಿಗೆ ಬೇಕಾದುದು ಅವುಗಳಲ್ಲಿ ಒಂದು. ಆ ಒಂದನ್ನು ಇನ್ನೊಬ್ಬನಿಗೆ ಬೆರಳಿಟ್ಟು ತೋರಿಸಲು ಸಾಧ್ಯವಾಗಬೇಕೆ, ಬೇಡವೆ? ಬರೆದವನು ಇದಕ್ಕೆ ಅವಕಾಶ ಮಾಡಿಕೊಡುವುದು ಔದಾರ್ಯವೆ, ಕರ್ತವ್ಯವೆ? ಮೇಲುನೋಟಕ್ಕೆ ಇದು ಬಡಗಿಯ ಪ್ರಶ್ನೆಯಂತೆ ಕಾಣುತ್ತದೆ. ನನಗೆ ಇದು ಧರ್ಮದ ಪ್ರಶ್ನೆಯಾಗಿಯೂ ತೋರುತ್ತದೆ.

ಮೊದಲು ಬಡಗಿಯ ಕೆಲಸವನ್ನೇ ನೋಡೋಣ. ಜಾಲಪುಟದಲ್ಲಿ ಒಂದು ತಲೆಬರಹಕ್ಕೆ ಬರೆಯುವವನು ಕಣ್ಣಿಗೆ ಕಾಣದ ಒಂದು ಹೆಸರನ್ನು ಕೊಡಬಹುದು. ಪುಟದ ವಿಳಾಸದ ಕೊನೆಗೆ ಜಾಲರಿಯಂತಹ ಹ್ಯಾಶ್ ಗುರುತನ್ನಿಟ್ಟು ಆ ಹೆಸರನ್ನು ಸೇರಿಸಿದರೆ, ಬ್ರೌಸರು ಪುಟವನ್ನು ತೆರೆದು ನೇರವಾಗಿ ಆ ತಲೆಬರಹದ ಬಳಿಗೆ ಇಳಿಸುತ್ತದೆ. ಹೆಸರಿದ್ದರೂ ಓದುಗನಿಗೆ ಅದು ಕಾಣುವುದಿಲ್ಲವಾದ್ದರಿಂದ ತಲೆಬರಹದ ಪಕ್ಕದಲ್ಲಿ ಒಂದು ಸಣ್ಣ ಗುರುತನ್ನೂ ಇಡುತ್ತಾರೆ. ಅದನ್ನು ಒತ್ತಿದರೆ ಆ ಜಾಗದ ಪೂರ್ತಿ ವಿಳಾಸ ಕೈಗೆ ಸಿಗುತ್ತದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಕೈಪಿಡಿಗಾಗಿ ಸಿದ್ಧವಾಗಿ ೨೦೦೮ರಲ್ಲಿ ಹೊರಬಂದ ಸ್ಫಿಂಕ್ಸ್ ಎಂಬ ಸಾಧನವು ಹೀಗೆ ಮಾಡುತ್ತದೆ. ತಲೆಬರಹದ ಮೇಲೆ ಮೌಸನ್ನು ಆಡಿಸಿದರೆ ಅಚ್ಚುಕೂಟದವರು ಪ್ಯಾರಾ ತೋರಿಸಲು ಬಳಸುವ ಹಳೆಯ ಚಿಹ್ನೆಯೊಂದು ಪಕ್ಕದಲ್ಲಿ ಮೂಡುತ್ತದೆ. ಬರೆಯುವವನಿಗೆ ಇದರ ವೆಚ್ಚ ಒಂದು ಪದ. ಎಷ್ಟೋ ಸಲ ಅದೂ ಇಲ್ಲ, ಯಂತ್ರವೇ ಮಾಡಿಕೊಳ್ಳುತ್ತದೆ. ಆದರೂ ಈ ಗುರುತಿಲ್ಲದ ಕೈಪಿಡಿಗಳು ಇಂದಿಗೂ ಉಂಟು.

ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂತಹ ಕೈಪಿಡಿಗಳನ್ನು ಬರೆಯುವ ನನ್ನ ಸೋದರಳಿಯನೊಬ್ಬ ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದಾಗ ಈ ವಿಷಯ ತೆಗೆದ.

"ಮಾವ, ತಲೆಬರಹಗಳಿಗೆಲ್ಲ ಕೊಂಡಿ ಇಡೋಣ ಅಂತ ಆರು ತಿಂಗಳಿಂದ ಹೇಳ್ತಾ ಇದ್ದೀನಿ. ಅದೆಲ್ಲ ಅಲಂಕಾರ, ಆಮೇಲೆ ನೋಡೋಣ ಅಂತಾರೆ."

"ಅಲಂಕಾರ ಅಲ್ಲದೆ ಮತ್ತೇನಯ್ಯ ಅದು?" ಎಂದೆ.

ಅವನು ಒಂದು ಘಟನೆ ಹೇಳಿದ. ಅವರ ತಂತ್ರಾಂಶವನ್ನು ಬಳಸುವ ಇನ್ನೊಂದೂರಿನ ಕಚೇರಿಯಲ್ಲಿ ರಾತ್ರಿ ಏನೋ ಕೆಟ್ಟಿತು. ಅಲ್ಲಿದ್ದ ಹುಡುಗ ಫೋನು ಮಾಡಿದ. ಇವರ ಕಡೆಯವರು ಕೈಪಿಡಿಯ ಪುಟದ ವಿಳಾಸ ಕಳುಹಿಸಿ, "ಕೆಳಗೆ ಹೋಗಿ, ಮರಳಿ ತುಂಬುವುದು ಎಂಬ ತಲೆಬರಹ ಇದೆ, ಅದರಂತೆ ಮಾಡಿ" ಎಂದರು. ಪುಟದಲ್ಲಿ ಅಂತಹ ತಲೆಬರಹಗಳು ಎರಡಿದ್ದವು. ಒಂದು ಇದ್ದುದನ್ನು ಉಳಿಸಿಕೊಂಡು ತುಂಬುವುದು. ಇನ್ನೊಂದು ಇದ್ದುದನ್ನೆಲ್ಲ ಅಳಿಸಿ ತುಂಬುವುದು. ನಿದ್ದೆಗಣ್ಣಿನ ಹುಡುಗ ಎರಡನೆಯದನ್ನು ಹಿಡಿದ. ಆ ದಿನ ಸೇರಿಸಿದ ದಾಖಲೆಗಳಷ್ಟೂ ಹೋದವು. "ಎಲ್ಲರೂ ಅವನನ್ನೇ ಬೈದರು ಮಾವ. ಓದಿ ಮಾಡಬಾರದಿತ್ತೆ ಅಂತ. ತಪ್ಪು ಅವನದೊಬ್ಬನದೇನಾ?"

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ಅವಸರದಲ್ಲಿ ಓದಿದವನದು ತಪ್ಪು ಹೌದು. ಬಾಯಿಮಾತಿನಲ್ಲಿ ದಾರಿ ಹೇಳಿದವರದೂ ಸ್ವಲ್ಪ ತಪ್ಪು. ಆದರೆ ಅವರಿಬ್ಬರೂ ಅರ್ಧರಾತ್ರಿಯ ಗಡಿಬಿಡಿಯಲ್ಲಿದ್ದರು. ಕೈಪಿಡಿಯನ್ನು ಬರೆಯಿಸಿದವರು ಹಗಲು ಹೊತ್ತಿನಲ್ಲಿ, ಫ್ಯಾನಿನ ಕೆಳಗೆ, ಆರು ತಿಂಗಳ ಕಾಲ ಯೋಚಿಸಲು ಅವಕಾಶವಿದ್ದವರು. ಒಂದು ಅನಾಹುತವನ್ನು ಯಾರು ಅತ್ಯಂತ ಕಡಮೆ ಶ್ರಮದಲ್ಲಿ ತಪ್ಪಿಸಬಹುದಾಗಿತ್ತೋ ಅವರ ಪಾಲಿನ ಹೊಣೆ ಹೆಚ್ಚು. ಬೀದಿಯ ಗುಂಡಿಗೆ ಬಿದ್ದವನನ್ನು ನೋಡಿ ನಡೆಯಬಾರದಿತ್ತೆ ಎನ್ನಬಹುದು. ಆದರೆ ಗುಂಡಿ ತೋಡಿದವನು ಒಂದು ಕೊಂಬೆಯನ್ನಾದರೂ ನೆಟ್ಟು ಹೋಗಬಹುದಾಗಿತ್ತಲ್ಲವೆ?

ಮನುಷ್ಯನು ಬರಹಕ್ಕೆ ವಿಳಾಸ ಬೇಕೆಂದು ಕಂಡುಕೊಂಡದ್ದು ಇಂದು ನಿನ್ನೆಯಲ್ಲ. ಋಗ್ವೇದದ ಮಂತ್ರವೊಂದನ್ನು ಮಂಡಲ, ಸೂಕ್ತ, ಋಕ್ಕುಗಳ ಎಣಿಕೆಯಿಂದ ತೋರಿಸುತ್ತೇವೆ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಎಂಟು ಅಧ್ಯಾಯ, ಅಧ್ಯಾಯಕ್ಕೆ ನಾಲ್ಕು ಪಾದ ಎಂಬ ಲೆಕ್ಕದಲ್ಲಿ ಹುಡುಕಿ ಹಿಡಿಯುತ್ತೇವೆ. ಪಶ್ಚಿಮದಲ್ಲಿ ಈ ಕೆಲಸದ ಕಥೆಗೆ ಜಿನೀವಾ ನಗರದೊಡನೆ ಒಂದು ಸ್ವಾರಸ್ಯವಾದ ನಂಟುಂಟು. ಪ್ಯಾರಿಸಿನಿಂದ ಅಲ್ಲಿಗೆ ಹೋಗಿ ನೆಲಸಿದ ರಾಬರ್ ಎಸ್ತಿಯೆನ್ ಎಂಬ ಮುದ್ರಕನು ೧೫೫೧ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಗೆ ವಚನಸಂಖ್ಯೆಗಳನ್ನು ಹಾಕಿ ಅಚ್ಚು ಮಾಡಿದ. ಪ್ಯಾರಿಸಿನಿಂದ ಲಿಯೋನಿಗೆ ಪ್ರಯಾಣ ಮಾಡುತ್ತ ಆತ ಈ ವಿಂಗಡಣೆಯ ಬಹುಪಾಲನ್ನು ಮುಗಿಸಿದನೆಂದು ಅವನ ಮಗ ಆಂರಿ ಬರೆದಿದ್ದಾನೆ. ವಾಕ್ಯದ ನಡುವೆ ಸಂಖ್ಯೆ ಬಿದ್ದಿರುವ ಕಡೆಗಳಲ್ಲಿ ಕುದುರೆ ಎಡವಿರಬೇಕು ಎಂದು ಆಮೇಲಿನವರು ನಗೆಯಾಡಿದ್ದಾರೆ. ಆ ಮಗ ೧೫೭೮ರಲ್ಲಿ ಅದೇ ಜಿನೀವಾದಲ್ಲಿ ಪ್ಲೇಟೋವಿನ ಕೃತಿಗಳನ್ನು ಪ್ರಕಟಿಸಿದ. ಆ ಮುದ್ರಣದ ಪುಟಸಂಖ್ಯೆಗಳನ್ನೂ ಪುಟದೊಳಗಿನ ಅಕ್ಷರಗುರುತುಗಳನ್ನೂ ವಿದ್ವಾಂಸರು ಇಂದಿಗೂ ಬಳಸುತ್ತಾರೆ. ಯಾವ ದೇಶದ ಯಾವ ಭಾಷೆಯ ಅನುವಾದವನ್ನು ತೆರೆದರೂ ಅಂಚಿನಲ್ಲಿ ಅದೇ ಸಂಖ್ಯೆ ಸಿಗುವುದುಂಟು. ನಾಲ್ಕು ನೂರು ವರ್ಷ ಕಳೆದ ಮೇಲೆ, ೧೯೮೯ರಲ್ಲಿ, ಅದೇ ಊರಿನ ಅಂಚಿನ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷಿನವರು ಇಂದಿನ ಜಾಲದ ಮೊದಲ ಪ್ರಸ್ತಾವವನ್ನು ಬರೆದರು. ಪುಟದ ಒಳಗಿನ ಒಂದು ಜಾಗಕ್ಕೆ ಹೆಸರು ಕೊಡುವ ಏರ್ಪಾಡು ಆ ಜಾಲದ ಮೊದಲ ದಿನಗಳಿಂದಲೂ ಅದರಲ್ಲಿತ್ತು.

ಆದುದರಿಂದ ಸಾಧನವಿಲ್ಲವೆಂಬ ನೆಪ ಯಾರಿಗೂ ಇಲ್ಲ. ಕಷ್ಟವಿರುವುದು ಬೇರೆ ಕಡೆ. ವಿಳಾಸ ಕೊಡುವುದೆಂದರೆ ಮಾತು ಕೊಟ್ಟಂತೆ. "ಈ ಹೆಸರು ಹಿಡಿದು ಬಂದರೆ ಇದೇ ಸಿಗುತ್ತದೆ" ಎಂಬ ಮಾತು ಅದು. ಕೊಟ್ಟ ಮಾತನ್ನು ಎಷ್ಟು ದಿನ ನಡೆಸಬೇಕು?

ವಿಳಾಸಗಳಲ್ಲಿ ಮೂರು ಬಗೆಯುಂಟು. ಮೂರೂ ಬೇರೆ ಬೇರೆ ರೀತಿಯಲ್ಲಿ ಮುರಿಯುತ್ತವೆ. ಒಂದು, ಎಣಿಕೆ: ಏಳನೆಯ ಪ್ರಕರಣ. ಮೂರನೆಯದರ ಹಿಂದೆ ಹೊಸದೊಂದನ್ನು ಸೇರಿಸಿದ ದಿನ ಏಳು ಎಂಟಾಗುತ್ತದೆ. ಹಳೆಯ ಕೊಂಡಿ ಪಕ್ಕದ ಮನೆಯ ಬಾಗಿಲು ತಟ್ಟುತ್ತದೆ. ಎರಡು, ಹೆಸರು: ತಲೆಬರಹದ ಪದಗಳಿಂದಲೇ ಮಾಡಿದ ವಿಳಾಸ. ಇಂದಿನ ಅನೇಕ ಸಾಧನಗಳು ಹೀಗೆಯೇ ಮಾಡುತ್ತವೆ. ಯಾರೋ ಒಬ್ಬರು ತಲೆಬರಹದ ಕಾಗುಣಿತ ತಿದ್ದಿದರೆ ಸಾಕು, ವಿಳಾಸವೂ ಬದಲಾಗುತ್ತದೆ. ಮೂರು, ಒಡಲಿನ ಮಾತು: ಇಂತಹ ಪದಗಳಿರುವ ಕಡೆ ಎಂದು ತೋರಿಸುವುದು. ೨೦೨೦ರಲ್ಲಿ ಕ್ರೋಮ್ ಬ್ರೌಸರು, ಬರೆದವನು ಯಾವ ಗುರುತನ್ನೂ ಇಡದಿದ್ದರೂ ಪುಟದಲ್ಲಿರುವ ಪದಗಳನ್ನೇ ವಿಳಾಸದಲ್ಲಿ ಬರೆದು ಅಲ್ಲಿಗೆ ಹೋಗುವ ಉಪಾಯವನ್ನು ತಂದಿತು. ನಮಗೆ ಇದು ಹೊಸತಲ್ಲ. ಬಸವಣ್ಣನವರ ವಚನಗಳಿಗೆ ಒಂದೊಂದು ಸಂಪುಟದಲ್ಲಿ ಒಂದೊಂದು ಸಂಖ್ಯೆ. ಆದುದರಿಂದ ಕನ್ನಡದ ಮೇಷ್ಟರುಗಳು ವಚನವನ್ನು ಅದರ ಮೊದಲ ಸಾಲಿನಿಂದಲೇ ಗುರುತಿಸುತ್ತಾರೆ, ಸಂಪುಟದ ಕೊನೆಯ ಅಕಾರಾದಿಯಲ್ಲಿ ಹುಡುಕುತ್ತಾರೆ. ಪಾಠಾಂತರ ಬಂದರೆ ಅದೂ ಕೈಕೊಡುತ್ತದೆ.

ಇದಕ್ಕೆ ಪರಿಹಾರವೊಂದನ್ನು ಅಮೆರಿಕದ ಡಗ್ಲಾಸ್ ಎಂಗೆಲ್ಬಾರ್ಟ್ ಬಹಳ ಹಿಂದೆಯೇ ಕಂಡಿದ್ದರು. ೧೯೬೮ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಲೋಕಕ್ಕೆ ತೋರಿಸಿದವರು ಅವರೇ. ಅವರ ತಂಡದವರು ಕಟ್ಟಿದ ವ್ಯವಸ್ಥೆಯಲ್ಲಿ ಪ್ರತಿಯೊಂದು ಪ್ಯಾರಾಕ್ಕೂ ಎರಡು ಗುರುತುಗಳಿರಬಹುದಾಗಿತ್ತು: ಅದು ಈಗ ಎಲ್ಲಿದೆಯೆಂದು ಹೇಳುವ, ಜಾಗ ಬದಲಾದರೆ ತಾನೂ ಬದಲಾಗುವ ಗುರುತು ಒಂದು, ಎಲ್ಲಿಗೆ ಹೋದರೂ ಬದಲಾಗದ ಗುರುತು ಇನ್ನೊಂದು. ಮನೆಯ ನಂಬರೂ ಮನುಷ್ಯನ ಹೆಸರೂ ಬೇರೆ ಬೇರೆಯಲ್ಲವೆ? ಮನೆ ಬದಲಾಯಿಸಿದವನನ್ನು ಹೊಸ ಹೆಸರಿನಿಂದ ಕರೆಯುವುದಿಲ್ಲ. ತಲೆಬರಹ ಓದುಗನ ಅನುಕೂಲಕ್ಕಾಗಿ ಬದಲಾಗಲಿ. ಒಳಗಿನ ಹೆಸರನ್ನು ಒಮ್ಮೆ ಇಟ್ಟಮೇಲೆ ಕೀಳಬಾರದು. ಇಂದಿನ ಒಳ್ಳೆಯ ಸಾಧನಗಳಲ್ಲಿ ತಲೆಬರಹವನ್ನು ಅವಲಂಬಿಸದ ಹೆಸರನ್ನು ಬರೆಯುವವನೇ ಇಡಬಹುದು. ಇಡುವ ಸಹನೆ ಬೇಕು, ಅಷ್ಟೆ.

ಇಲ್ಲಿ ಒಂದು ಸೂಕ್ಷ್ಮವಾದ ಸಂಗತಿಯಿದೆ. ಪೂರ್ತಿ ಪುಟವೇ ಇಲ್ಲದೆ ಹೋದರೆ ಜಾಲವು "ಸಿಗಲಿಲ್ಲ" ಎಂದು ಒಪ್ಪಿಕೊಳ್ಳುತ್ತದೆ. ನಾನೂರ ನಾಲ್ಕು ಎಂಬ ಸಂಖ್ಯೆ ಓದುಗರಿಗೆ ಪರಿಚಯವಿರಬಹುದು. ಆದರೆ ತಲೆಬರಹದ ಹೆಸರು ಅಳಿದುಹೋದರೆ ಯಾರೂ ಏನೂ ಹೇಳುವುದಿಲ್ಲ. ಪುಟದ ನೆತ್ತಿ ತೆರೆದುಕೊಳ್ಳುತ್ತದೆ, ಅಷ್ಟೆ. ಬಂದವನು ತಾನು ಸರಿಯಾದ ಜಾಗಕ್ಕೆ ಬಂದಿದ್ದೇನೆಂದೇ ತಿಳಿಯಬಹುದು. ಇನ್ನೂ ವಿಚಿತ್ರವೆಂದರೆ, ಹ್ಯಾಶ್ ಗುರುತಿನ ಆಚೆಯ ಭಾಗವನ್ನು ಬ್ರೌಸರು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಪುಟವನ್ನು ಕೊಡುವ ಸರ್ವರಿಗೆ ಅದನ್ನು ಕಳುಹಿಸುವುದೇ ಇಲ್ಲ. ಅಂದರೆ ಈ ಸಣ್ಣ ಹೆಸರನ್ನು ನಂಬಿ ಯಾರು ಬಂದರು, ಯಾರು ದಾರಿ ತಪ್ಪಿದರು ಎಂಬುದು ಕೈಪಿಡಿಯ ಒಡೆಯನ ಲೆಕ್ಕದ ಪುಸ್ತಕದಲ್ಲಿ ತಾನಾಗಿ ದಾಖಲಾಗುವುದಿಲ್ಲ. ದೂರು ಬರುವುದಿಲ್ಲ, ಸಾಕ್ಷಿ ಉಳಿಯುವುದಿಲ್ಲ.

ಕರ್ತವ್ಯದ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಜಾಗದಲ್ಲಿಯೇ. ಗುರುತಿದ್ದವರಿಗೆ ಕೊಟ್ಟ ಮಾತನ್ನು ಮಾನಕ್ಕೆ ಅಂಜಿಯಾದರೂ ನಡೆಸುತ್ತೇವೆ. ನಾವು ಕಾಣದವರು, ನಮ್ಮನ್ನು ಕಾಣದವರು, ಮೋಸಹೋದರೂ ನಮ್ಮನ್ನು ಹುಡುಕಿ ಬರಲಾರದವರು; ಅವರ ವಿಷಯದಲ್ಲಿ ನಮ್ಮನ್ನು ಹಿಡಿದಿಡುವುದೇನು? ನಮ್ಮ ಹಳೆಯ ದಾನಶಾಸನಗಳನ್ನು ಬರೆಯಿಸಿದವರಿಗೆ ಈ ಕಷ್ಟ ತಿಳಿದಿತ್ತು. ಅವರು ಊರಿನ ಎಲ್ಲೆಯನ್ನು ಹಳ್ಳ, ಮರ, ಕಲ್ಲುಗಳ ಹೆಸರು ಹಿಡಿದು ಬರೆಯಿಸಿ, ಕೊನೆಯಲ್ಲಿ ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಶಾಪವನ್ನೂ ಸೇರಿಸುತ್ತಿದ್ದರು. ಶಾಪ ಹಾಕಬೇಕಾಗಿ ಬಂದುದು, ಮುಂದೆ ಬರುವವನನ್ನು ಕೇಳುವವರು ಯಾರೂ ಇರುವುದಿಲ್ಲವೆಂಬುದು ಅವರಿಗೆ ಗೊತ್ತಿದ್ದುದರಿಂದ.

ಈಗ ಎದುರಾಳಿಯ ಮಾತನ್ನೂ ಕೇಳಬೇಕು. "ಹೀಗೆ ತುಂಡು ತುಂಡಿಗೆ ಬಾಗಿಲಿಟ್ಟರೆ ಜನ ಪೂರ್ತಿ ಓದುವುದನ್ನೇ ಬಿಡುತ್ತಾರೆ. ಸಂದರ್ಭ ಬಿಟ್ಟು ಮಾತನ್ನು ಕಿತ್ತುಕೊಳ್ಳುತ್ತಾರೆ" ಎಂಬುದು ಒಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಪಾಣಿನಿಯ ಸೂತ್ರಗಳಲ್ಲಿ ಮೇಲಿನ ಸೂತ್ರದ ಪದ ಕೆಳಗಿನ ಸೂತ್ರಕ್ಕೆ ಹರಿದುಬರುತ್ತದೆ. ಅದಕ್ಕೆ ಅನುವೃತ್ತಿ ಎಂದು ಹೆಸರು. ಒಂದನ್ನೇ ಕಿತ್ತು ಓದಿದರೆ ಅರ್ಥವಾಗುವುದಿಲ್ಲ. ಆದರೆ ಅದಕ್ಕಾಗಿ ಸೂತ್ರಸಂಖ್ಯೆಯನ್ನು ಯಾರೂ ಅಳಿಸಲಿಲ್ಲ. ವೃತ್ತಿಕಾರರು ಹರಿದುಬರುವ ಪದವನ್ನು ಆಯಾ ಜಾಗದಲ್ಲಿಯೇ ಎತ್ತಿ ಹೇಳಿದರು. ಕೈಪಿಡಿ ಬರೆಯುವವನೂ ಹಾಗೆಯೇ ಮಾಡಬೇಕಾಗುತ್ತದೆ. "ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ" ಎಂಬ ಎಚ್ಚರಿಕೆಯನ್ನು ಪುಟದ ನೆತ್ತಿಯಲ್ಲಿ ಮಾತ್ರ ಬರೆದಿದ್ದರೆ, ನಡುವಿನ ಬಾಗಿಲಿನಿಂದ ಬಂದವನಿಗೆ ಅದು ಕಾಣುವುದಿಲ್ಲ. ಅಪಾಯದ ಪ್ರತಿ ಕೋಣೆಯಲ್ಲೂ ಅದನ್ನು ಬರೆಯಬೇಕು. ಕೆಲಸ ಹೆಚ್ಚಿತು ಎನ್ನಬಹುದು. ಆದರೆ ಬಾಗಿಲಿಲ್ಲದಿದ್ದಾಗಲೂ ಓದುಗ ನಡುವಿಗೇ ಬಂದು ಬೀಳುತ್ತಿದ್ದ. ಹುಡುಕಾಟದ ಯಂತ್ರ ಅವನನ್ನು ಅಲ್ಲಿಗೇ ತಂದು ಬಿಡುತ್ತಿತ್ತು. ಬಾಗಿಲು ಇಟ್ಟುದರಿಂದ ಬರೆಯುವವನಿಗೆ ಅವನ ನೆನಪು ಬಂತು, ಅದು ಲಾಭವೇ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. "ಎಲ್ಲ ಹೆಸರುಗಳನ್ನೂ ಎಂದೆಂದಿಗೂ ಉಳಿಸಬೇಕೆಂದರೆ ಬರೆದದ್ದನ್ನು ತಿದ್ದುವ ಸ್ವಾತಂತ್ರ್ಯ ಎಲ್ಲಿ? ಬದುಕಿರುವ ಬರಹ ಬೆಳೆಯಬೇಡವೆ?" ಬೆಳೆಯಲಿ. ತಿದ್ದುವುದಕ್ಕೂ ಹಳೆಯ ದಾರಿಯನ್ನು ಮುಚ್ಚುವುದಕ್ಕೂ ವ್ಯತ್ಯಾಸವುಂಟು. ಅಂತರಜಾಲದ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ಪತ್ರಗಳ ಮಾಲೆ ೧೯೬೯ರ ಏಪ್ರಿಲಿನಲ್ಲಿ ಮೊದಲಾಯಿತು. ಒಮ್ಮೆ ಪ್ರಕಟವಾದ ಪತ್ರದ ಪಾಠವನ್ನು ಅವರು ಮತ್ತೆ ಮುಟ್ಟುವುದಿಲ್ಲ. ತಪ್ಪಿದ್ದರೆ ತಿದ್ದುಪಡಿಯ ಪಟ್ಟಿ ಬೇರೆ, ವಿಷಯ ಹಳೆಯದಾದರೆ ಹೊಸ ಸಂಖ್ಯೆಯ ಹೊಸ ಪತ್ರ ಬೇರೆ. ಇದು ಕಠಿಣವ್ರತ, ದಿನದಿನವೂ ಬದಲಾಗುವ ಕೈಪಿಡಿಗೆ ಒಗ್ಗದು. ಸೌಮ್ಯವಾದ ಮಾರ್ಗವೂ ಇದೆ. ವಿಕಿಪೀಡಿಯದ ತಂತ್ರಾಂಶವು ೨೦೧೭ರಲ್ಲಿ ತಲೆಬರಹಗಳ ವಿಳಾಸವನ್ನು ಬರೆಯುವ ಕ್ರಮವನ್ನು ಬದಲಾಯಿಸಿತು. ಆದರೆ ಹಳೆಯ ಕ್ರಮದ ಹೆಸರುಗಳನ್ನೂ ಪುಟದೊಳಗೆ ಉಳಿಸಿಕೊಂಡಿತು. ಹಳೆಯ ಕೊಂಡಿ ಹಿಡಿದು ಬಂದವರೂ ತಲುಪಬೇಕಾದಲ್ಲಿಗೆ ತಲುಪುತ್ತಾರೆ. ಮುಂಬಾಗಿಲನ್ನು ಬೇರೆ ಕಡೆಗೆ ಇಟ್ಟವರು ಹಿತ್ತಿಲ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಬೇಕಾಗಿಲ್ಲ.

ಮುಚ್ಚಿದರೆ ಆಗುವ ನಷ್ಟ ಊಹೆಯದಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೨೦೧೩ರಲ್ಲಿದ್ದ ಜಾಲಪುಟಗಳಲ್ಲಿ ನೂರಕ್ಕೆ ೩೮ ಹತ್ತು ವರ್ಷಗಳಲ್ಲಿ ಸಿಗದಂತಾಗಿದ್ದವು. ಹಾರ್ವರ್ಡಿನ ವಿದ್ವಾಂಸರು ೨೦೧೪ರಲ್ಲಿ ತೋರಿಸಿದಂತೆ, ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಿಸಿದ ಜಾಲವಿಳಾಸಗಳಲ್ಲಿ ಅರ್ಧದಷ್ಟು, ಉಲ್ಲೇಖಿಸಿದಾಗ ಅಲ್ಲಿದ್ದುದನ್ನು ತೋರಿಸುತ್ತಿರಲಿಲ್ಲ. ತೀರ್ಪು ಉಳಿದಿದೆ, ತೀರ್ಪಿಗೆ ಆಧಾರವಾದ ಮಾತು ಎಲ್ಲಿದೆಯೆಂದು ಕೇಳಿದರೆ ಬೆರಳು ಗಾಳಿಯನ್ನು ತೋರಿಸುತ್ತದೆ. ನಮ್ಮ ನಾಡಿನಲ್ಲೂ ಇದರ ಅನುಭವವಿಲ್ಲದಿಲ್ಲ. ಬಿ. ಎಲ್. ರೈಸರು ೧೮೮೬ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ತಾಲ್ಲೂಕಿನ ಹೆಸರೂ ಸಂಖ್ಯೆಯೂ ಶಾಸನದ ವಿಳಾಸ. ಮೈಸೂರು ವಿಶ್ವವಿದ್ಯಾನಿಲಯವು ೧೯೭೨ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಹೊಸ ಶಾಸನಗಳು ಸೇರಿ ಸಂಖ್ಯೆಗಳು ಬೇರೆಯಾದವು. ಈಗ ಶಾಸನವನ್ನು ಉಲ್ಲೇಖಿಸುವವರು ಯಾವ ಆವೃತ್ತಿಯೆಂಬುದನ್ನೂ ಹೇಳಲೇಬೇಕು. ಹಾಗೆ ಹೇಳಿದರೆ ತೊಡಕಿಲ್ಲ.

ಕನ್ನಡದ ಮೇಷ್ಟರಾಗಿ ನಾನು ಇನ್ನೊಂದು ಮಾತನ್ನು ಹೇಳದೆ ಇರಲಾರೆ. ತಲೆಬರಹದಿಂದ ತಾವೇ ಹೆಸರು ಮಾಡಿಕೊಳ್ಳುವ ಯಂತ್ರಗಳಲ್ಲಿ ಕೆಲವಕ್ಕೆ ರೋಮನ್ ಲಿಪಿ ಬಿಟ್ಟರೆ ಬೇರೆ ಅಕ್ಷರ ಕಾಣುವುದಿಲ್ಲ. ಕನ್ನಡದ ತಲೆಬರಹವನ್ನು ಕೊಟ್ಟರೆ ಅಕ್ಷರಗಳನ್ನೆಲ್ಲ ಉದುರಿಸಿ, ಉಳಿದ ಬಯಲಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಅಂಟಿಸುತ್ತವೆ. ಒಂದು ಪ್ರಕರಣ ನಡುವೆ ಸೇರಿದರೆ ಅಷ್ಟೂ ವಿಳಾಸಗಳು ಸರಿದುಹೋಗುತ್ತವೆ. ಇನ್ನು ಕೆಲವು ಮೂಲಾಕ್ಷರಗಳನ್ನು ಇಟ್ಟುಕೊಂಡು ಒತ್ತನ್ನೂ ಗುಣಿತವನ್ನೂ ಕಳೆಯುತ್ತವೆ. "ಕನ್ನಡ" ಎಂಬುದು "ಕನನಡ" ಆಗುತ್ತದೆ. ಮತ್ತೆ ಕೆಲವೆಡೆ ನಮ್ಮ ಒಂದು "ಕ" ಅಕ್ಷರ ಶೇಕಡಾ ಗುರುತುಗಳಿಂದ ಕೂಡಿದ ಒಂಬತ್ತು ಚಿಹ್ನೆಗಳ ಸಾಲಾಗಿ ಹೊರಬೀಳುತ್ತದೆ. ಅದನ್ನು ಫೋನಿನಲ್ಲಿ ಹೇಳುವ ಧೀರನನ್ನು ನಾನು ಕಂಡಿಲ್ಲ. ಇವುಗಳಿಗೆಲ್ಲ ಪರಿಹಾರ ಉಂಟು. ಕನ್ನಡದಲ್ಲಿ ಕೈಪಿಡಿ ಬರೆಯುವವರು ಯಂತ್ರಕ್ಕೆ ಬಿಡದೆ ತಾವೇ ಹೆಸರಿಡುವುದು ಅವುಗಳಲ್ಲಿ ಸುಲಭವಾದದ್ದು. ಭಾಷೆ ಬದುಕುವುದಕ್ಕೆ ಅದರಲ್ಲಿ ಬರೆದರಷ್ಟೇ ಸಾಲದು; ಬರೆದದ್ದನ್ನು ಇನ್ನೊಬ್ಬನಿಗೆ "ಇಗೋ ಇಲ್ಲಿ" ಎಂದು ತೋರಿಸುವ ಹಾಗೂ ಇರಬೇಕು.

ಕೊನೆಗೆ ಉಳಿಯುವ ಪ್ರಶ್ನೆ: ಇಷ್ಟು ಸಣ್ಣ ಕೆಲಸವನ್ನು ಮಾಡಲು ಜನ ಏಕೆ ಹಿಂಜರಿಯುತ್ತಾರೆ? ಸೋಮಾರಿತನ ಒಂದು ಕಾರಣ. ಇನ್ನೊಂದು ಕಾರಣವೂ ಇರಬಹುದೆಂದು ನನ್ನ ಗುಮಾನಿ. ವಿಳಾಸವಿರುವ ಮಾತನ್ನು ಹಿಡಿದು ಕೇಳಬಹುದು. "ನಿಮ್ಮ ಕೈಪಿಡಿಯ ಈ ಪ್ರಕರಣದಲ್ಲಿ ಹೀಗೆ ಬರೆದಿದೆ, ಹಾಗೆ ಮಾಡಿದೆ, ಹೀಗಾಯಿತು" ಎಂದು ಮುಂದಿಡಬಹುದು. ವಿಳಾಸವಿಲ್ಲದ ಮಾತು ಜಾರಿಕೊಳ್ಳುತ್ತದೆ. ತನ್ನ ಬರಹದ ಪ್ರತಿ ಭಾಗಕ್ಕೂ ಹೆಸರಿಟ್ಟವನು ತನ್ನ ತಪ್ಪನ್ನು ತೋರಿಸಲು ಬರುವವನಿಗೂ ಅದೇ ದಾರಿಯನ್ನು ಮಾಡಿಕೊಟ್ಟಿರುತ್ತಾನೆ. ಹಳೆಯ ಕಾಲದ ಆ ಹಿರಿಯರಲ್ಲಿ ಸ್ಥಳ ತಿಳಿದವರು ಮಾತ್ರ ಪ್ರಶ್ನೆಗೆ ಅಂಜುತ್ತಿರಲಿಲ್ಲ.

ಸೋದರಳಿಯನಿಗೆ ನಾನು ಹೇಳಿದ ಉತ್ತರ ಇಷ್ಟೆ: ತಪ್ಪು ಆ ಹುಡುಗನದೊಬ್ಬನದೇ ಅಲ್ಲ, ಉಳಿದ ಪಾಲನ್ನು ಹೊರಬೇಕಾದವರು ಇನ್ನೂ ಆ ಪುಟವನ್ನು ತಿದ್ದಬಲ್ಲ ಜಾಗದಲ್ಲಿದ್ದಾರೆ. ಹೋದ ದಾಖಲೆ ಬರುವುದಿಲ್ಲ. ಮುಂದೆ ಯಾವುದೋ ಊರಿನಲ್ಲಿ, ಯಾವುದೋ ರಾತ್ರಿ, ಇನ್ನೊಬ್ಬ ಹುಡುಗ ಅದೇ ಪುಟವನ್ನು ತೆರೆಯುತ್ತಾನೆ. ಅವನ ಹೆಸರು ನಮಗೆ ತಿಳಿಯುವುದಿಲ್ಲ. ಅವನಿಗಾಗಿ ತಲೆಬರಹಕ್ಕೊಂದು ಹೆಸರಿಡುವುದು ಒಂದು ನಿಮಿಷದ ಕೆಲಸ.